ಸೂಜಿಯ ತುದಿಯಿಂದ ಮಿದುಳಿನವರೆಗೆ: ಪ್ರಕೃತಿ ಚಿಕಿತ್ಸೆಯ ವಿದ್ಯಾರ್ಥಿಗಳಿಗೊಂದು ಬಹಿರಂಗ ಪತ್ರ

ನಾಡಿನ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಕಾಲೇಜುಗಳಲ್ಲಿ ಓದುತ್ತಿರುವ ವಿದ್ಯಾರ್ಥಿ ಮಿತ್ರರಿಗೆ,



ಇನ್ನು ಕೆಲವು ತಿಂಗಳಲ್ಲಿ ನಿಮ್ಮಲ್ಲಿ ಹಲವರು ಇಂಟರ್ನ್‌ಶಿಪ್‌ಗೆ ಹೊರಡುತ್ತೀರಿ. ಗುರುತು ಪರಿಚಯ ಇಲ್ಲದವರೊಬ್ಬರ ಕೈಯನ್ನು ನಿಮ್ಮ ಕೈಗೆ ತೆಗೆದುಕೊಂಡು, ಮಣಿಕಟ್ಟಿನ ಮೇಲೆ ಬಿಂದು ಹುಡುಕಿ, ಸೂಜಿ ಇಳಿಸುವ ದಿನ ಬಂದೇ ಬರುತ್ತದೆ. ಆ ದಿನಕ್ಕೆ ಮೊದಲು ನಿಮ್ಮೊಂದಿಗೆ ನಾಲ್ಕು ಮಾತು ಆಡಬೇಕು ಅನ್ನಿಸಿತು. ತರಗತಿಯಲ್ಲಿ ಇದಕ್ಕೆ ಸಮಯ ಸಿಗುವುದಿಲ್ಲ, ಪರೀಕ್ಷೆಗೂ ಇದು ಬರುವುದಿಲ್ಲ. ಅದಕ್ಕೇ ಈ ಪತ್ರ.

ನಿಮ್ಮ ಮುಂದೆ ಬಂದು ಕೂರುವವರಲ್ಲಿ ಸೊಂಟನೋವು, ಮಂಡಿನೋವಿನವರು ಇದ್ದೇ ಇರುತ್ತಾರೆ. ಅವರಿಗಿಂತ ಹೆಚ್ಚಾಗಿ ನಿಮ್ಮನ್ನು ಯೋಚನೆಗೆ ಹಚ್ಚುವವರು ಬೇರೆ. "ಎದೆ ಢವಢವ ಅನ್ನುತ್ತೆ, ಇಸಿಜಿ ಮಾಡಿಸಿದ್ರೆ ನಾರ್ಮಲ್ ಅಂತಾರೆ." "ರಾತ್ರಿ ಮೂರು ಗಂಟೆಗೆ ಎಚ್ಚರ ಆದ್ರೆ ಮುಗೀತು, ಮತ್ತೆ ಕಣ್ಣು ಹತ್ತಲ್ಲ." "ಫೋನ್ ರಿಂಗಾದ್ರೆ ಸಾಕು, ಹೊಟ್ಟೆ ತೊಳಸುತ್ತೆ." ಎಲ್ಲ ಹೇಳಿ ಮುಗಿಸಿ ತಮ್ಮ ಕಾಯಿಲೆಗೆ ತಾವೇ ಹೆಸರಿಡುತ್ತಾರೆ: "ಎಲ್ಲ ಟೆನ್ಶನ್ನು ಡಾಕ್ಟ್ರೇ." ಆಮೇಲೆ ಮೇಜಿನ ಮೇಲಿರುವ ಎಲೆಕ್ಟ್ರೊ ಅಕ್ಯುಪಂಕ್ಚರ್ ಯಂತ್ರದ ಕಡೆ ನೋಡಿ ಕೇಳುತ್ತಾರೆ: "ಈ ಕರೆಂಟ್ ಸೂಜಿ ಹಾಕಿಸಿಕೊಂಡ್ರೆ ವಾಸಿ ಆಗುತ್ತಾ?"

ಆ ಪ್ರಶ್ನೆಗೆ ನೀವು ಏನು ಉತ್ತರ ಕೊಡುತ್ತೀರಿ? ನನ್ನ ಚಿಂತೆ ಅದೊಂದೇ.

ಮೊದಲು ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ. ಹೆಸರು, ಊರು ಬೇಡ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ಕೆಲಸ. ಗಂಟೆಗೆ ಇಷ್ಟು ಪೀಸ್ ಎಂಬ ಲೆಕ್ಕ, ಬೆನ್ನ ಹಿಂದೆ ಸೂಪರ್‌ವೈಸರ್ ಕೂಗು, ಮನೆಗೆ ಬಂದರೆ ಸಂಘದ ಸಾಲದ ಕಂತು, ಮಗಳ ಫೀಸು. ಆರು ತಿಂಗಳಿಂದ ಎದೆಬಡಿತ, ಅಂಗೈ ಬೆವರು, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ಹೃದಯದ ಪರೀಕ್ಷೆ, ಥೈರಾಯ್ಡ್, ರಕ್ತ, ಎಲ್ಲವನ್ನೂ ಮಾಡಿಸಿ ಫೈಲು ಹಿಡಿದುಕೊಂಡೇ ಬಂದಿದ್ದರು.

ಅವರನ್ನು ಮಲಗಿಸಿ, ಮಣಿಕಟ್ಟಿನ ಗೆರೆಯಿಂದ ಅವರದೇ ಮೂರು ಬೆರಳಿನ ಅಗಲ ಮೇಲಕ್ಕೆ ಅಳೆದೆ. ಅಲ್ಲಿ ಎರಡು ಸ್ನಾಯುರಜ್ಜುಗಳ ನಡುವೆ ನೈಗುವಾನ್ ಬಿಂದು. ಅದರ ಅಡಿಯಲ್ಲೇ ಮೀಡಿಯನ್ ನರ ಹರಿಯುತ್ತದೆ. ಆಮೇಲೆ ಕಾಲು. ಮಂಡಿಚಿಪ್ಪಿನ ಕೆಳಗೆ ಹೊರಬದಿಯ ಕುಳಿಯಿಂದ ನಾಲ್ಕು ಬೆರಳು ಇಳಿದು, ಮುಂಗಾಲ ಮೂಳೆಯ ಏಣಿನಿಂದ ಒಂದು ಬೆರಳು ಹೊರಗೆ ಸರಿದರೆ ಝುಸಾನ್ಲಿ. ಅಲ್ಲೊಂದು ಸೂಜಿ, ಅದೇ ಕಾಲಿನಲ್ಲಿ ಸ್ವಲ್ಪ ಕೆಳಗೆ ಇನ್ನೊಂದು. ಎರಡಕ್ಕೂ ಕ್ಲಿಪ್ ಸಿಕ್ಕಿಸಿ, ಯಂತ್ರವನ್ನು ಸೆಕೆಂಡಿಗೆ ಎರಡು ಮಿಡಿತಕ್ಕೆ, ಅಂದರೆ 2 ಹರ್ಟ್ಜ್‌ಗೆ ಇಟ್ಟು, ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದೆ. "ಏನಾದ್ರೂ ಗೊತ್ತಾಗ್ತಿದೆಯಾ?" "ಇಲ್ಲ." ಇನ್ನಷ್ಟು. "ಈಗ ಇರುವೆ ಹರಿದ ಹಾಗೆ." ಇನ್ನೊಂದಿಷ್ಟು. "ಈಗ ಒಳಗಿಂದ ಯಾರೋ ತಟ್ಟಿದ ಹಾಗೆ, ಭಾರ ಅನ್ನಿಸುತ್ತೆ." ಕಾಲಿನ ಮಾಂಸಖಂಡ ಟಕ್ ಟಕ್ ಎಂದು ಸಣ್ಣಗೆ ಕುಣಿಯುತ್ತಿತ್ತು. ಅಲ್ಲಿಗೆ ಗುಂಡಿಯಿಂದ ಕೈ ತೆಗೆದೆ. ಇಪ್ಪತ್ತೈದು ನಿಮಿಷ ಹಾಗೇ ಬಿಟ್ಟೆ.

ಒಂದು ತಿಂಗಳಲ್ಲಿ ಎಂಟು ಸಲ ಬಂದರು. ನಿದ್ದೆ ಸುಧಾರಿಸಿತು, ಎದೆಬಡಿತ ಕಡಿಮೆಯಾಯಿತು. ನನಗೆ ಸಂತೋಷವೋ ಸಂತೋಷ. ಎಂಟನೆಯ ದಿನ ಕೇಳಿದೆ, "ಯಾವುದರಿಂದ ಗುಣ ಕಂಡಿತು ಅನ್ನಿಸುತ್ತಮ್ಮ?" ಅವರು ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: "ಸೂಜಿಯಿಂದಲೋ ಏನೋ ಗೊತ್ತಿಲ್ಲ ಡಾಕ್ಟ್ರೇ. ಆದ್ರೆ ಇಲ್ಲಿ ಮಲಗಿದಾಗ ಇಪ್ಪತ್ತೈದು ನಿಮಿಷ ಯಾರೂ ನನ್ನ ಕರೆಯಲ್ಲ."

ಆ ಮಾತು ಇವತ್ತಿಗೂ ನನ್ನ ಬೆನ್ನು ಬಿಟ್ಟಿಲ್ಲ. ಅವರನ್ನು ಸಮಾಧಾನಕ್ಕೆ ತಂದದ್ದು ಕರೆಂಟೋ, ಯಾರೂ ಕರೆಯದ ಆ ಇಪ್ಪತ್ತೈದು ನಿಮಿಷವೋ? ಈ ಪ್ರಶ್ನೆಯನ್ನು ತಳ್ಳಿಹಾಕುವವನು ವೈದ್ಯನಾಗಲಾರ. ಬನ್ನಿ, ಅದನ್ನು ಕಟ್ಟಿಕೊಂಡೇ ಮಿದುಳಿನೊಳಗೆ ಹೋಗೋಣ.

ಕಿವಿಯ ನೇರಕ್ಕೆ, ತಲೆಯ ಎರಡೂ ಬದಿಯ ಆಳದಲ್ಲಿ, ಬಾದಾಮಿ ಆಕಾರದ ಅಮಿಗ್ಡಲ ಇದೆ. ಹೊಲ ಕಾಯುವ ನಾಯಿಯ ಕೆಲಸ ಅದರದು. ಸಪ್ಪಳವಾದರೆ ಬೊಗಳಬೇಕು. ಬಂದವನು ಕಳ್ಳನೋ ನೆಂಟನೋ ಎಂದು ನೆನಪಿನಿಂದ ಗುರುತು ಹಿಡಿಯುವುದು ಹಿಪ್ಪೊಕ್ಯಾಂಪಸ್. "ಸಾಕು, ಸುಮ್ಮನಿರು" ಎಂದು ಗದರುವ ಯಜಮಾನ ಹಣೆಯ ಹಿಂದಿರುವ ಪ್ರೀಫ್ರಂಟಲ್ ಕಾರ್ಟೆಕ್ಸ್. ನಾಯಿ ಬೊಗಳಿದ ಕೂಡಲೆ ಹೈಪೊಥಲಮಸ್ ಪಿಟ್ಯುಟರಿ ಗ್ರಂಥಿಗೆ, ಪಿಟ್ಯುಟರಿ ಮೂತ್ರಪಿಂಡದ ಮೇಲೆ ಕುಳಿತ ಅಡ್ರಿನಲ್ ಗ್ರಂಥಿಗೆ ಸುದ್ದಿ ಮುಟ್ಟಿಸುತ್ತವೆ. ಕಾರ್ಟಿಸಾಲ್ ರಕ್ತಕ್ಕೆ ಇಳಿಯುತ್ತದೆ. ಇನ್ನೊಂದು ದಾರಿಯಲ್ಲಿ ಸಿಂಪಥೆಟಿಕ್ ನರಗಳು ಎದೆಬಡಿತ ಏರಿಸಿ, ಅಂಗೈ ಒದ್ದೆ ಮಾಡುತ್ತವೆ. ಅಪಾಯ ಕಳೆದ ಮೇಲೆ ಎಲ್ಲ ತಣ್ಣಗಾಗಬೇಕು. ಆತಂಕದ ಕಾಯಿಲೆಯಲ್ಲಿ ಆಗದಿರುವುದು ಅದೇ: ನಾಯಿ ಮನೆಯವರನ್ನು ಕಂಡರೂ ಬೊಗಳುತ್ತದೆ, ಯಜಮಾನನ ದನಿ ಅದಕ್ಕೆ ಕೇಳಿಸುವುದಿಲ್ಲ.

ಇದು ಬರೀ ಉಪಮೆಯಲ್ಲ. ನಮ್ಮ ಬೆಂಗಳೂರಿನಲ್ಲೇ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್‌ನ ಸುಮಂತ್ರ ಚಟರ್ಜಿ ಮತ್ತು ನಿಮ್ಹಾನ್ಸ್‌ನ ಶಂಕರನಾರಾಯಣ ರಾವ್ ಅವರಿದ್ದ ತಂಡ 2002ರಲ್ಲಿ ಇದನ್ನು ಸೂಕ್ಷ್ಮದರ್ಶಕದಡಿ ತೋರಿಸಿತು. ದಿನವೂ ಕಟ್ಟಿಹಾಕಿ ಒತ್ತಡಕ್ಕೆ ಒಡ್ಡಿದ ಇಲಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕವಲುಗಳು ಕುಗ್ಗಿದ್ದವು, ಅಮಿಗ್ಡಲದಲ್ಲಿ ಕವಲುಗಳು ಹಬ್ಬಿದ್ದವು. ಎರಡು ವರ್ಷದ ನಂತರ ಚಟರ್ಜಿಯವರ ತಂಡ ಇನ್ನೊಂದು ಸಂಗತಿ ಪ್ರಕಟಿಸಿತು. ಒತ್ತಡ ನಿಲ್ಲಿಸಿ 21 ದಿನ ಇಲಿಗಳನ್ನು ಅವುಗಳ ಪಾಡಿಗೆ ಬಿಟ್ಟರೂ ಅಮಿಗ್ಡಲ ಮೊದಲಿನಂತಾಗಲಿಲ್ಲ, ಇಲಿಗಳ ಆತಂಕವೂ ಇಳಿಯಲಿಲ್ಲ. "ನಾಲ್ಕು ದಿನ ರಜೆ ಹಾಕು, ಎಲ್ಲ ಸರಿಹೋಗುತ್ತೆ" ಎಂದು ಆತಂಕದವರಿಗೆ ಹೇಳುವ ಮೊದಲು ಈ ಇಲಿಗಳನ್ನು ನೆನಪಿಸಿಕೊಳ್ಳಿ.

ಹಾಗಾದರೆ ಕಾಲಿನಲ್ಲಿ ತಟ್ಟುವ ಕರೆಂಟು ತಲೆಯೊಳಗಿನ ಆ ನಾಯಿಯನ್ನು ತಲುಪುವುದು ಹೇಗೆ?

ಸೂಜಿಗೆ ವಿದ್ಯುತ್ ಸೇರಿಸಿದ್ದು ಸೂಜಿಯಷ್ಟು ಹಳೆಯ ಮಾತೇನಲ್ಲ. ಸೂಜಿ ಚೀನಾದ್ದು, ಅದಕ್ಕೆ ವಿದ್ಯುತ್ ಹರಿಸಿ, 1825ರಲ್ಲಿ ಪುಸ್ತಕವನ್ನೂ ಬರೆದವನು ಫ್ರಾನ್ಸಿನ ವೈದ್ಯ ಸಾರ್ಲಾಂಡಿಯೇರ್. ಆದರೆ ಅದರ ಹಿಂದಿನ ರಸಾಯನವನ್ನು ಬಿಡಿಸಿ ತೋರಿಸಿದ ಕೀರ್ತಿ ಬಹುಮಟ್ಟಿಗೆ ಬೀಜಿಂಗ್‌ನ ಹಾನ್ ಜಿಶೆಂಗ್ ಅವರಿಗೆ ಸಲ್ಲಬೇಕು. ಸೂಜಿಯಿಂದ ನೋವು ಮರೆಯಾಗುವುದಕ್ಕೆ ಕಾರಣ ಹುಡುಕಲು ಅವರು 1965ರಲ್ಲಿ ಶುರುಮಾಡಿದರು. ಸೂಜಿ ಚಿಕಿತ್ಸೆ ಪಡೆದ ಮೊಲದ ಮಿದುಳಿನ ದ್ರವವನ್ನು ತೆಗೆದು ಇನ್ನೊಂದು ಮೊಲದ ಮಿದುಳಿಗೆ ಸೇರಿಸಿದಾಗ, ಸೂಜಿಯನ್ನೇ ಕಾಣದ ಆ ಎರಡನೆಯ ಮೊಲಕ್ಕೂ ನೋವು ಸಹಿಸುವ ಶಕ್ತಿ ಹೆಚ್ಚಿತು. ಅಂದರೆ ಮಿದುಳು ತಾನೇ ಏನನ್ನೋ ಒಸರಿಸುತ್ತಿದೆ. 1977ರಲ್ಲಿ ಅಮೆರಿಕದ ಡೇವಿಡ್ ಮೇಯರ್ ಮತ್ತು ಸಂಗಡಿಗರು ಹಲ್ಲಿನ ನೋವಿನ ಪ್ರಯೋಗದಲ್ಲಿ, ಅಫೀಮಿನ ಪರಿಣಾಮವನ್ನು ತಡೆಯುವ ನಲಾಕ್ಸೋನ್ ಕೊಟ್ಟು ನೋಡಿದರು. ಸೂಜಿಯಿಂದ ಸಿಕ್ಕಿದ್ದ ಉಪಶಮನ ಕರಗಿಹೋಯಿತು. ಒಸರುತ್ತಿದ್ದದ್ದು ಮಿದುಳಿನದೇ ಅಫೀಮು, ಎಂಡಾರ್ಫಿನ್ ವರ್ಗದ ವಸ್ತು ಎಂಬುದಕ್ಕೆ ಅದು ಬಲವಾದ ಸಾಕ್ಷಿ.

ನಿಮ್ಮ ಯಂತ್ರದ ಗುಂಡಿಗೆ ಅರ್ಥ ಬರುವುದು ಹಾನ್ ಅವರ ಮುಂದಿನ ಕೆಲಸದಿಂದ. ಮಿಡಿತ ನಿಧಾನವಾಗಿ, 2 ಹರ್ಟ್ಜ್‌ನಲ್ಲಿ ಇದ್ದರೆ ಎನ್ಕೆಫಾಲಿನ್, ಬೀಟಾ ಎಂಡಾರ್ಫಿನ್‌ಗಳು ಬಿಡುಗಡೆಯಾಗುತ್ತವೆ. 100 ಹರ್ಟ್ಜ್‌ಗೆ ಏರಿಸಿದರೆ ಡೈನಾರ್ಫಿನ್. ಎರಡನ್ನೂ ಕೆಲವು ಸೆಕೆಂಡಿಗೊಮ್ಮೆ ಅದಲುಬದಲು ಮಾಡುತ್ತ ಹೋದರೆ ಎರಡು ಬಗೆಯವೂ ಬರುತ್ತವೆ. 1991ರಲ್ಲಿ, ಚರ್ಮದ ಮೇಲೆ ಪ್ಯಾಡ್ ಅಂಟಿಸಿ ಕರೆಂಟ್ ಕೊಟ್ಟಾಗ, ಮನುಷ್ಯರ ಬೆನ್ನುಹುರಿಯ ದ್ರವದಲ್ಲೂ ಈ ವ್ಯತ್ಯಾಸ ಕಂಡಿತು. ಕೈಯಲ್ಲಿ ತಿರುವುವ ಸೂಜಿಗೂ ಕರೆಂಟಿನ ಸೂಜಿಗೂ ಇರುವ ಮುಖ್ಯ ಅಂತರ ಇಲ್ಲಿದೆ. ಕೈ ತಿರುವುವುದು ವೈದ್ಯರಿಂದ ವೈದ್ಯರಿಗೆ ಬೇರೆ. ಮಿಡಿತವೆಷ್ಟು, ಬಲವೆಷ್ಟು, ಹೊತ್ತೆಷ್ಟು ಎಂದು ಯಂತ್ರದಲ್ಲಿ ಬರೆದಿಡಬಹುದು. ಬರೆದಿಟ್ಟದ್ದನ್ನು ಇನ್ನೊಬ್ಬರು ಪರೀಕ್ಷಿಸಬಹುದು. ವಿಜ್ಞಾನಕ್ಕೆ ಬೇಕಾದದ್ದು ಅದೇ.

ಇನ್ನು ಮಿದುಳಿನ ಚಿತ್ರಗಳು. 2000ದಲ್ಲಿ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಕ್ಯಾಥ್ಲೀನ್ ಹುಯಿ ಮತ್ತು ಸಂಗಡಿಗರು ಹದಿಮೂರು ಆರೋಗ್ಯವಂತರನ್ನು ಎಫ್‌ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಹೆಬ್ಬೆರಳು ತೋರುಬೆರಳಿನ ನಡುವಿನ ಹೆಗು ಬಿಂದುವಿಗೆ ಸೂಜಿ ಹಾಕಿ, ಕೈಯಿಂದ ತಿರುವಿ ನೋಡಿದರು. ಹನ್ನೊಂದು ಜನರಿಗೆ ಸೂಜಿಯ ಸುತ್ತ ಭಾರ, ಜೋಮು, ಮಂದ ನೋವು ಕಾಣಿಸಿತು. ಚೀನೀಯರು ಇದನ್ನು ದೇ ಚಿ ಎನ್ನುತ್ತಾರೆ. ಆ ಹನ್ನೊಂದು ಜನರಲ್ಲೂ ಅಮಿಗ್ಡಲ, ಹಿಪ್ಪೊಕ್ಯಾಂಪಸ್, ಹೈಪೊಥಲಮಸ್, ಇನ್ಸುಲಾ ಮುಂತಾದ ಭಾವನೆಯ ಕೇಂದ್ರಗಳ ಸಂಕೇತ ಇಳಿಯಿತು. ಉಳಿದ ಇಬ್ಬರಿಗೆ ಚುರ್ ಎನ್ನುವ ನೋವಾಯಿತು. ಅವರ ಮಿದುಳಿನ ಹಲವು ಭಾಗಗಳಲ್ಲಿ ಸಂಕೇತ ಇಳಿಯುವ ಬದಲು ಏರಿತು.

ಆ ಇಬ್ಬರನ್ನು ಮರೆಯಬೇಡಿ. ಒಂದೇ ಬಿಂದು, ಒಂದೇ ಸೂಜಿ. ನೋವಾದಾಗ ಮಿದುಳು ಎಚ್ಚೆತ್ತಿತು, ಹಿತವಾದ ಭಾರ ಬಂದಾಗ ತಣ್ಣಗಾಯಿತು. "ಜಾಸ್ತಿ ಕರೆಂಟ್ ಕೊಡಿ ಡಾಕ್ಟ್ರೇ, ಬೇಗ ವಾಸಿ ಆಗ್ಲಿ" ಎನ್ನುವವರು ನಿಮಗೆ ಸಿಗುತ್ತಾರೆ. ಅವರ ಮಾತು ಕೇಳಿ ಗುಂಡಿ ತಿರುಗಿಸಬೇಡಿ.

2005ರಲ್ಲಿ ಅದೇ ಬಾಸ್ಟನ್‌ನ ವಿಟಾಲಿ ನಪಡೋವ್ ಮತ್ತು ಸಂಗಡಿಗರು ಕಾಲಿನ ಝುಸಾನ್ಲಿಗೆ ಮೂರು ಬಗೆಯಲ್ಲಿ ಸೂಜಿ ಹಾಕಿ ಹೋಲಿಸಿದರು: ಕೈಯಿಂದ ತಿರುವಿ, 2 ಹರ್ಟ್ಜ್ ಕರೆಂಟಿನಿಂದ, 100 ಹರ್ಟ್ಜ್ ಕರೆಂಟಿನಿಂದ. ನಾಲ್ಕನೆಯದಾಗಿ ಚರ್ಮವನ್ನು ಬರೀ ತಟ್ಟಿಯೂ ನೋಡಿದರು. ತಟ್ಟಿದ್ದಕ್ಕಿಂತ ಮೂರೂ ಬಗೆಯ ಸೂಜಿಗೆ ಮಿದುಳು ಹೆಚ್ಚು ವಿಸ್ತಾರವಾಗಿ ಸ್ಪಂದಿಸಿತು. ಕರೆಂಟಿನ ಸೂಜಿಗೆ, ಅದರಲ್ಲೂ ನಿಧಾನ ಮಿಡಿತಕ್ಕೆ, ಏರಿದ ಸಂಕೇತ ಇನ್ನಷ್ಟು ಕಡೆ ಹರಡಿತು. ಅಮಿಗ್ಡಲ ಸೇರಿದ ಲಿಂಬಿಕ್ ವಲಯದಲ್ಲಿ ಸಂಕೇತ ಇಳಿಯುವುದು ಮಾತ್ರ ಮೂರರಲ್ಲೂ ಕಂಡಿತು. ಮಾಂಸಖಂಡದ ನರತಂತುಗಳು ಹೊತ್ತ ಸುದ್ದಿ ಬೆನ್ನುಹುರಿ, ಮಿದುಳುಕಾಂಡ, ಥಲಮಸ್ ದಾಟಿ ಸ್ಪರ್ಶದ ಪ್ರದೇಶವನ್ನು ಎಚ್ಚರಿಸುತ್ತದೆ. ಅದೇ ಹೊತ್ತಿನಲ್ಲಿ ಭಯದ ಪ್ರದೇಶ ಮೆತ್ತಗಾಗುತ್ತದೆ. ನಾಯಿಗೆ ಯಜಮಾನನ ಕೈ ತಾಗಿದ ಹಾಗೆ.

ಈ ಪ್ರಯೋಗಗಳಲ್ಲಿ ಮಲಗಿದ್ದವರು ಆರೋಗ್ಯವಂತರು, ಆತಂಕದ ರೋಗಿಗಳಲ್ಲ. ಅದನ್ನು ಗೆರೆ ಎಳೆದು ಇಟ್ಟುಕೊಳ್ಳಿ. ಒತ್ತಡಕ್ಕೆ ಸಿಕ್ಕ ಮಿದುಳಿನ ಬಗ್ಗೆ ಹೆಚ್ಚಿನ ಸುದ್ದಿ ಬರುವುದು ಇಲಿಗಳಿಂದ. ವಾಷಿಂಗ್ಟನ್‌ನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಲಾಡನ್ ಎಷ್ಕೇವರಿ ಮತ್ತು ಸಂಗಡಿಗರು ಇಲಿಗಳನ್ನು ದಿನದಿನವೂ ಚಳಿಗೆ ಒಡ್ಡಿದರು. ಒಂದು ಗುಂಪಿಗೆ ಅದಕ್ಕೆ ಮೊದಲು ಝುಸಾನ್ಲಿಯಲ್ಲಿ ಕರೆಂಟಿನ ಸೂಜಿ, ಇನ್ನೊಂದಕ್ಕೆ ಹುಸಿ ಸೂಜಿ, ಮತ್ತೊಂದಕ್ಕೆ ಏನೂ ಇಲ್ಲ. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ನಿಜವಾದ ಬಿಂದುವಿಗೆ ಕರೆಂಟ್ ಪಡೆದ ಇಲಿಗಳಲ್ಲಿ ಒತ್ತಡದ ಹಾರ್ಮೋನುಗಳು ಏರಲಿಲ್ಲ. ಹುಸಿ ಸೂಜಿಯವುಗಳಲ್ಲಿ ಏರಿದವು. ಇಲಿಗೆ ವೈದ್ಯರ ಮೇಲೆ ನಂಬಿಕೆ ಇರುವುದಿಲ್ಲ. ಆದ್ದರಿಂದ ಇಂಥ ಫಲಿತಾಂಶವನ್ನು "ಬರೀ ಮನಸ್ಸಿನ ಸಮಾಧಾನ" ಎಂದು ತಳ್ಳಿಬಿಡಲು ಬರುವುದಿಲ್ಲ.

2021ರಲ್ಲಿ ಹಾರ್ವರ್ಡ್‌ನ ಚಿಯೂಫು ಮಾ ಅವರ ತಂಡ ಈ ಹಾದಿಯ ಒಂದು ಕೊಂಡಿಯನ್ನು ನರತಂತುವಿನ ಮಟ್ಟದಲ್ಲಿ ಹಿಡಿಯಿತು. ಇಲಿಮರಿಯಷ್ಟು ಚಿಕ್ಕ ಮೌಸ್‌ಗಳ ಹಿಂಗಾಲಿನ ಆಳದಲ್ಲಿ, ಮೂಳೆಯ ಪೊರೆಯ ಸುತ್ತ, ಒಂದು ವಿಶೇಷ ಬಗೆಯ ನರಕೋಶಗಳ ತಂತುಗಳಿವೆ. ಅರ್ಧ ಮಿಲಿ ಆಂಪಿಯರ್‌ನಷ್ಟು ಮೆಲ್ಲಗಿನ ಕರೆಂಟ್ ಅವನ್ನು ಮುಟ್ಟಿದರೆ ಸುದ್ದಿ ಮಿದುಳುಕಾಂಡಕ್ಕೆ ಹೋಗಿ, ವೇಗಸ್ ನರದ ಮೂಲಕ ಅಡ್ರಿನಲ್ ಗ್ರಂಥಿಗೆ ಇಳಿದು, ಉರಿಯೂತವನ್ನು ತಗ್ಗಿಸುತ್ತದೆ. ಹೊಟ್ಟೆಯ ಬಿಂದುವಿಗೆ ಅಷ್ಟೇ ಕರೆಂಟ್ ಕೊಟ್ಟರೆ ಆ ಹಾದಿ ತೆರೆಯುವುದಿಲ್ಲ, ಏಕೆಂದರೆ ಅಲ್ಲಿ ಆ ತಂತುಗಳು ಇಲ್ಲ. ಅದಕ್ಕೆ ಒಂದು ವರ್ಷ ಮೊದಲು ಇದೇ ತಂಡ, ಹೊಟ್ಟೆಗೆ ಕೊಟ್ಟ ಬಲವಾದ ಕರೆಂಟ್ ಸರಿಯಾದ ಹೊತ್ತಿನಲ್ಲಿ ಉರಿಯೂತವನ್ನು ತಗ್ಗಿಸಿದರೆ, ತಪ್ಪು ಹೊತ್ತಿನಲ್ಲಿ ಹೆಚ್ಚಿಸುತ್ತದೆ ಎಂದು ತೋರಿಸಿತ್ತು. ಇವು ಆತಂಕದ ಪ್ರಯೋಗಗಳಲ್ಲ. ಆದರೂ ಜಾಗ, ಬಲ, ಹೊತ್ತು ಮೂರೂ ಲೆಕ್ಕಕ್ಕೆ ಬರುತ್ತವೆ ಎಂಬ ಪಾಠ ನಮಗೂ ಬೇಕು. ಎಲ್ಲಾದರೂ ಚುಚ್ಚಿ, ಎಷ್ಟಾದರೂ ಕೊಡಿ ಎನ್ನುವ ಕೈಗೆ ಯಂತ್ರ ಸಿಗಬಾರದು.

ಇನ್ನು ಮನುಷ್ಯರ ಕಡೆಗೆ ಬರೋಣ. 2024ರಲ್ಲಿ ಮೈಕೆಲ್ ಹೋಲಿಫೀಲ್ಡ್ ಮತ್ತು ಸಂಗಡಿಗರು ಅಮೆರಿಕದ 93 ಮಂದಿ ಮಾಜಿ ಯೋಧರ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಯುದ್ಧದ ಭಯ ಮೈಯಿಂದ ಇಳಿಯದೆ ಪಿಟಿಎಸ್‌ಡಿ ಆದವರು ಅವರು. ಅರ್ಧದಷ್ಟು ಜನರಿಗೆ ನಿಜವಾದ ಸೂಜಿ ಚಿಕಿತ್ಸೆ, ಉಳಿದವರಿಗೆ ಬಿಂದುವಲ್ಲದ ಕಡೆ ಮೇಲುಮೇಲಿನ ಹುಸಿ ಸೂಜಿ, ಹೆಚ್ಚೆಂದರೆ 24 ಸಿಟ್ಟಿಂಗ್. ನಿಜವಾದ ಸೂಜಿ ಪಡೆದವರಲ್ಲಿ ರೋಗಲಕ್ಷಣ ಹೆಚ್ಚು ಇಳಿಯಿತು. ಬೆಚ್ಚಿದಾಗ ಕಣ್ಣು ಮಿಟುಕಿಸುವ ಬಲವನ್ನು ಅಳೆದು ನೋಡಿದಾಗ, ಭಯವನ್ನು ಮರೆಯಲು ಕಲಿಯುವ ಮಿದುಳಿನ ಶಕ್ತಿಯೂ ಅವರಲ್ಲಿ ಸುಧಾರಿಸಿತ್ತು. ಯಜಮಾನನ ದನಿ ನಾಯಿಗೆ ಮತ್ತೆ ಕೇಳಿಸತೊಡಗಿತು ಎನ್ನಬಹುದು. ಅಲ್ಲಿ ಬಳಸಿದ್ದು ಕೈಯಿಂದ ಹಾಕುವ ಸೂಜಿ ಎಂಬುದೂ ನೆನಪಿರಲಿ.

ಇಷ್ಟು ಕೇಳಿ ನಿಮಗೆ ಉತ್ಸಾಹ ಬಂದಿರಬೇಕು, ಬರಲಿ. ಅದರ ಪಕ್ಕದಲ್ಲೇ ಇನ್ನೆರಡು ಸಂಗತಿ ಇಟ್ಟುಕೊಳ್ಳಿ.

ಒಂದು: ದೀರ್ಘಕಾಲದ ನೋವಿಗೆ ಸೂಜಿ ಚಿಕಿತ್ಸೆಯನ್ನು ಪರೀಕ್ಷಿಸಿದ 39 ಪ್ರಯೋಗಗಳಲ್ಲಿದ್ದ 20,827 ಜನರ ಮಾಹಿತಿಯನ್ನು ಆಂಡ್ರ್ಯೂ ವಿಕರ್ಸ್ ಮತ್ತು ಸಂಗಡಿಗರು 2018ರಲ್ಲಿ ಒಟ್ಟುಗೂಡಿಸಿದರು. ಸೂಜಿ ಹಾಕಿಸಿಕೊಳ್ಳದವರಿಗಿಂತ ಹಾಕಿಸಿಕೊಂಡವರಿಗೆ ಚೆನ್ನಾಗಿಯೇ ಗುಣ ಸಿಕ್ಕಿತ್ತು. ನಿಜವಾದ ಸೂಜಿಗೂ ಹುಸಿ ಸೂಜಿಗೂ ಇದ್ದ ಅಂತರ ಮಾತ್ರ ಚಿಕ್ಕದು. ಇತ್ತು, ಆದರೆ ಚಿಕ್ಕದು.

ಎರಡು: ಹಾರ್ವರ್ಡ್‌ನ ಟೆಡ್ ಕ್ಯಾಪ್ಚಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನ. ಒತ್ತಡ ಬಂದಾಗಲೆಲ್ಲ ಕೆರಳುವ ಕರುಳಿನ ತೊಂದರೆ ಐಬಿಎಸ್‌ನ 262 ರೋಗಿಗಳು. ಇಲ್ಲಿ ನಿಜವಾದ ಸೂಜಿ ಯಾರಿಗೂ ಇರಲಿಲ್ಲ. ಒಂದು ಗುಂಪು ಬರೀ ಕಾಯುತ್ತಿತ್ತು. ಇನ್ನೊಂದಕ್ಕೆ ಚರ್ಮ ದಾಟದ ಹುಸಿ ಸೂಜಿ, ಮಾತು ಅಷ್ಟಕ್ಕಷ್ಟೆ. ಮೂರನೆಯದಕ್ಕೆ ಅದೇ ಹುಸಿ ಸೂಜಿ. ಜೊತೆಗೆ ಕುಳಿತು ಕೇಳುವ, ಕಷ್ಟ ಅರ್ಥ ಮಾಡಿಕೊಳ್ಳುವ, ಧೈರ್ಯ ಹೇಳುವ ವೈದ್ಯರು. ಮೂರು ವಾರದ ನಂತರ ಸಾಕಷ್ಟು ಉಪಶಮನವಾಯಿತು ಎಂದವರು ಮೊದಲ ಗುಂಪಿನಲ್ಲಿ ನೂರಕ್ಕೆ 28, ಎರಡನೆಯದರಲ್ಲಿ 44, ಮೂರನೆಯದರಲ್ಲಿ 62.

ಈಗ ಗಾರ್ಮೆಂಟ್ಸ್‌ನ ಆ ಹೆಣ್ಣುಮಗಳ ಮಾತಿಗೆ ಹಿಂತಿರುಗಿ. "ಇಪ್ಪತ್ತೈದು ನಿಮಿಷ ಯಾರೂ ನನ್ನ ಕರೆಯಲ್ಲ." ಅವರು ಅರಿವಿಲ್ಲದೆಯೇ ಕ್ಯಾಪ್ಚಕ್ ಅವರ ಮೂರನೆಯ ಗುಂಪಿನ ಸತ್ಯ ಹೇಳಿದ್ದರು. ಕರೆಂಟು ತನ್ನ ಕೆಲಸ ಮಾಡಿರಬಹುದು. ಪ್ರಾಣಿಗಳ ಪ್ರಯೋಗ, ಮಿದುಳಿನ ಚಿತ್ರಗಳು ಅದಕ್ಕೆ ಬೆಂಬಲ ಕೊಡುತ್ತವೆ. ಮಲಗಿಕೊಳ್ಳುವ ವಿಶ್ರಾಂತಿಯೂ, ಒಬ್ಬರು ತನ್ನ ಮಾತು ಕೇಳಿದರು ಎಂಬ ನೆಮ್ಮದಿಯೂ ಅದೇ ಮಿದುಳಿಗೇ ಹೋಗಿ ಸೇರಿವೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲು ನಮಗೆ ಯಾವ ಅಧಿಕಾರವೂ ಇಲ್ಲ.

ಈಗ ನನ್ನ ತಪ್ಪೊಂದನ್ನು ಹೇಳಬೇಕು. ಕೆಲಸ ಶುರುಮಾಡಿದ ಹೊಸತು. ಆತಂಕಕ್ಕೆ ಬಹಳ ದಿನದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದ ಒಬ್ಬರು ಸೂಜಿ ಹಾಕಿಸಿಕೊಳ್ಳಲು ಬಂದರು. ನಾಲ್ಕೈದು ಸಿಟ್ಟಿಂಗ್‌ನಲ್ಲಿ ಹಗುರ ಅನ್ನಿಸಿತು ಎಂದರು. ನಾನು ಉಬ್ಬಿಹೋದೆ. "ಹೀಗೇ ಆದ್ರೆ ಮಾತ್ರೆಯ ಅಗತ್ಯವೇ ಇರಲ್ಲ" ಎಂದುಬಿಟ್ಟೆ. ಅವರು ಅದನ್ನು ಸಲಹೆ ಎಂದೇ ತಿಳಿದು ಅಂದೇ ಮಾತ್ರೆ ನಿಲ್ಲಿಸಿದರು. ಐದನೆಯ ದಿನ ಅವರ ಮಗ ಕೈಹಿಡಿದು ಕರೆತಂದ. ನಾಲ್ಕು ರಾತ್ರಿಯಿಂದ ಕಣ್ಣು ಮುಚ್ಚಿರಲಿಲ್ಲ, ಲೋಟ ಹಿಡಿದರೆ ನೀರು ತುಳುಕುವಷ್ಟು ಕೈ ನಡುಗುತ್ತಿತ್ತು, ಭಯ ಮೊದಲಿಗಿಂತ ಹೆಚ್ಚಾಗಿತ್ತು. ಕ್ಲೋನಜೆಪಾಮ್‌ನಂಥ ಮಾತ್ರೆಗಳನ್ನು ದೀರ್ಘಕಾಲ ತೆಗೆದುಕೊಂಡವರು ಒಮ್ಮೆಲೆ ನಿಲ್ಲಿಸಿದರೆ ಆತಂಕ ಮರಳಿ ಮೇಲೇಳುತ್ತದೆ, ಫಿಟ್ಸ್ ಕೂಡ ಬರಬಹುದು. ಪುಣ್ಯಕ್ಕೆ ಅವರ ಮನೋವೈದ್ಯರು ಅಂದೇ ನೋಡಿದರು, ರೋಗಿ ಚೇತರಿಸಿಕೊಂಡರು. ಮಗ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಅಂದಿನಿಂದ ಇಂದಿನವರೆಗೆ, ಬೇರೆ ವೈದ್ಯರು ಬರೆದ ಮಾತ್ರೆಯ ಬಗ್ಗೆ ನನ್ನ ಬಾಯಿಂದ ಒಂದೇ ಮಾತು ಬರುತ್ತದೆ: "ಕೊಟ್ಟವರನ್ನು ಕೇಳದೆ ಒಂದು ಮಾತ್ರೆಯನ್ನೂ ಬಿಡಬೇಡಿ."

ಸೂಜಿ ಚಿಕಿತ್ಸೆ ನಮ್ಮ ನಾಡಿಗೆ ಬಂದ ದಾರಿ ನಿಮಗೆ ಗೊತ್ತಿರಬೇಕು. ವಿಜಯಪುರದ ಗಡಿಯಾಚೆಗೆ, ಇಂದಿಗೂ ಕನ್ನಡ ಮಾತು ಕೇಳುವ ಸೊಲ್ಲಾಪುರದಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ ನಾಲ್ವರು ಸಂಗಡಿಗರೊಂದಿಗೆ ಯುದ್ಧದ ಬೆಂಕಿಯಲ್ಲಿದ್ದ ಚೀನಾಕ್ಕೆ ಹೋದರು, 1942ರಲ್ಲಿ ಅಲ್ಲೇ ತೀರಿಕೊಂಡರು. ಆ ತಂಡದಲ್ಲಿದ್ದ ಡಾ. ಬಿ.ಕೆ. ಬಸು ಮುಂದೆ ಚೀನಾದಲ್ಲಿ ಅಕ್ಯುಪಂಕ್ಚರ್ ಕಲಿತು ಬಂದು 1959ರಲ್ಲಿ ಕೋಲ್ಕತ್ತದಲ್ಲಿ ಚಿಕಿತ್ಸೆ ಶುರುಮಾಡಿದರು. 2019ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇದನ್ನು ಸ್ವತಂತ್ರ ಚಿಕಿತ್ಸಾ ವಿಧಾನವೆಂದು ಮಾನ್ಯ ಮಾಡಿತು. ಗಾಯಗೊಂಡವರ ಸೇವೆಗೆಂದು ಗಡಿ ದಾಟಿದವರ ಮೂಲಕ ಬಂದ ವಿದ್ಯೆ ಇದು. ಇದನ್ನು "ಹತ್ತೇ ಸಿಟ್ಟಿಂಗ್‌ನಲ್ಲಿ ಟೆನ್ಶನ್ ಮಾಯ, ಗ್ಯಾರಂಟಿ" ಎಂಬ ಬೋರ್ಡಿನ ಕೆಳಗೆ ಮಾರಬಾರದು.

ಹಾಗೆ ಮಾರಲು ಗಿರಾಕಿಗಳಿಗೇನೂ ಕೊರತೆಯಿಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ 10.6 ಮಂದಿ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ಕಾಯಿಲೆಯ ಬಗೆಗೆ ತಕ್ಕಂತೆ ಅವರಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಮನೋವೈದ್ಯರ ಬಾಗಿಲು ತಟ್ಟಲು ಅಂಜುವವರು, "ಹುಚ್ಚಾಸ್ಪತ್ರೆಗೆ ಹೋದಳಂತೆ" ಎಂಬ ಮಾತಿಗೆ ಹೆದರುವವರು, ಸೂಜಿ ಹಾಕಿಸಿಕೊಳ್ಳಲು ಮಾತ್ರ ಧೈರ್ಯವಾಗಿ ಬರುತ್ತಾರೆ. ಅವರ ಪಾಲಿಗೆ ನೀವೇ ಮೊದಲ ಬಾಗಿಲು. ಎಷ್ಟೋ ಜನರಿಗೆ ಕೊನೆಯ ಬಾಗಿಲೂ ಆಗಬಹುದು. ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು.

ಸೂಜಿ ತೆಗೆಯುವ ಮೊದಲು ಕೇಳಿ. ಎಂದಿನಿಂದ, ಯಾವಾಗ ಹೆಚ್ಚು, ಮನೆಯಲ್ಲಿ ಏನು ನಡೆದಿದೆ, ನಿದ್ದೆ ಹೇಗಿದೆ, ಯಾವ ಮಾತ್ರೆ ನುಂಗುತ್ತಿದ್ದಾರೆ. "ಬದುಕೇ ಬೇಡ ಅನ್ನಿಸುತ್ತಾ?" ಎಂದು ಕೇಳಲು ಹಿಂಜರಿಯಬೇಡಿ, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಅವರನ್ನು ಒಂಟಿಯಾಗಿ ಕಳಿಸಬೇಡಿ, ಮನೋವೈದ್ಯರ ಕೈಗೆ ಒಪ್ಪಿಸಿ. 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ನಿಮ್ಮ ಕೊಠಡಿಯ ಗೋಡೆಗೆ ಬರೆದು ಅಂಟಿಸಿ. ಅದು ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ.

ಎದೆಬಡಿತವನ್ನೆಲ್ಲ ಟೆನ್ಶನ್ ಎಂದು ತೀರ್ಮಾನಿಸಬೇಡಿ. ಹೃದಯ, ಥೈರಾಯ್ಡ್, ರಕ್ತಹೀನತೆ ನೋಡಿಸಿದ ಮೇಲೆ ಮುಂದುವರಿಯಿರಿ. ಪೇಸ್‌ಮೇಕರ್ ಇದ್ದವರಿಗೆ ಕರೆಂಟ್ ಹಚ್ಚಬೇಡಿ. ಫಿಟ್ಸ್ ಬರುವವರು, ಗರ್ಭಿಣಿಯರ ವಿಷಯದಲ್ಲಿ ಹಿರಿಯರನ್ನು ಕೇಳದೆ ಯಂತ್ರ ಮುಟ್ಟಬೇಡಿ. ಕರೆಂಟು ಎದೆಯನ್ನು ಅಡ್ಡ ಹಾಯುವಂತೆ ಎರಡು ಕೈಗಳಿಗೆ ಒಂದೇ ತಂತಿಯ ಜೋಡಿ ಸಿಕ್ಕಿಸಬೇಡಿ. ಸೂಜಿ ಒಬ್ಬರಿಗೆ ಒಂದೇ ಸಲ. ಗುಂಡಿಯನ್ನು ಸೊನ್ನೆಗೆ ತಂದ ಮೇಲೆಯೇ ಯಂತ್ರ ಹಚ್ಚಿ, ಸೊನ್ನೆಗೆ ತಂದ ಮೇಲೆಯೇ ಆರಿಸಿ.

ಪ್ರತಿ ಸಲವೂ ಬರೆದಿಡಿ: ಯಾವ ಬಿಂದು, ಎಷ್ಟು ಹರ್ಟ್ಜ್, ಎಷ್ಟು ನಿಮಿಷ, ಅವರಿಗೆ ಏನನ್ನಿಸಿತು. ಗುಣ ಕಾಣದವರನ್ನೂ ಬರೆಯಿರಿ, ನಡುವೆ ಬಿಟ್ಟುಹೋದವರನ್ನೂ ಬರೆಯಿರಿ. ಗುಣವಾದವರನ್ನಷ್ಟೇ ಎಣಿಸಿದರೆ ಲೆಕ್ಕ ಸುಳ್ಳಾಗುತ್ತದೆ. ಆತಂಕದ ರೋಗಿಗಳ ಮೇಲೆ ದೊಡ್ಡ, ಅಚ್ಚುಕಟ್ಟಾದ ಅಧ್ಯಯನಗಳು ಇನ್ನೂ ಬೇಕಾಗಿವೆ. ಒತ್ತಡದ ಅಮಿಗ್ಡಲವನ್ನು ಜಗತ್ತಿಗೆ ತೋರಿಸಿದ ಊರು ನಮ್ಮ ಹತ್ತಿರದಲ್ಲೇ ಇರುವಾಗ, ಅಂಥದೊಂದು ಅಧ್ಯಯನ ನಿಮ್ಮಲ್ಲೊಬ್ಬರಿಂದ ಯಾಕೆ ಬರಬಾರದು?

ಕೊನೆಯದಾಗಿ, ಆ ಪ್ರಶ್ನೆ. "ಈ ಕರೆಂಟ್ ಸೂಜಿಯಿಂದ ವಾಸಿ ಆಗುತ್ತಾ?" ನಾನು ಈಗ ಕೊಡುವ ಉತ್ತರ ಇದು. ನಿಮಗೆ ಇದಕ್ಕಿಂತ ಒಳ್ಳೆಯದು ಸಿಗುವವರೆಗೆ ಇದನ್ನೇ ಇಟ್ಟುಕೊಳ್ಳಿ:

"ಅಮ್ಮಾ, ಇದು ಮಿದುಳಿನ ಭಯವನ್ನು ಸ್ವಲ್ಪ ತಣ್ಣಗೆ ಮಾಡುತ್ತೆ ಅನ್ನೋಕೆ ಆಧಾರ ಇದೆ. ಎಲ್ಲರಿಗೂ ಆಗುತ್ತೆ ಅಂತ ಮಾತು ಕೊಡಕ್ಕಾಗಲ್ಲ. ನಿಮ್ಮ ಡಾಕ್ಟ್ರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ. ಎಂಟು ಸಲ ಮಾಡಿ ನೋಡೋಣ. ಗುಣ ಕಾಣಲಿಲ್ಲ ಅಂದ್ರೆ ನಾನೇ ನಿಮ್ಮನ್ನ ಬೇರೆ ಕಡೆ ಕಳಿಸ್ತೀನಿ. ಈಗ ಮಲಗಿ. ಇಪ್ಪತ್ತೈದು ನಿಮಿಷ ನಿಮ್ಮನ್ನ ಯಾರೂ ಕರೆಯದ ಹಾಗೆ ನಾನು ನೋಡ್ಕೋತೀನಿ."

ಇಷ್ಟು ಹೇಳಿ, ಫೋನನ್ನು ಸೈಲೆಂಟಿಗೆ ಹಾಕಿಸಿ, ಬಾಗಿಲು ಮುಂದಕ್ಕೆ ಎಳೆದುಕೊಳ್ಳಿ. ಗುಂಡಿಗೆ ಕೈ ಹಾಕುವುದು ಆಮೇಲೆ.

ಇತಿ,
ನಿಮಗಿಂತ ಮೊದಲು ಸೂಜಿ ಹಿಡಿದ
ನಿಮ್ಮ ಹಿರಿಯ ಸಹೋದ್ಯೋಗಿ